ಇಪ್ಪತ್ತನಾಲ್ಕಕ್ಕೇ ಜನರಲ್: ಧೈರ್ಯವೋ, ವಶೀಲಿಯೋ, ಲೆಕ್ಕಾಚಾರವೋ?

ಪ್ರಶ್ನೆ: ನಮ್ಮದು ಕೊಡಗು. ಮನೆಯಲ್ಲಿ ಮೂರು ತಲೆಮಾರಿನಿಂದ ಸೇನೆಯವರಿದ್ದಾರೆ. ಬ್ರಿಗೇಡಿಯರ್ ಆಗುವಷ್ಟರಲ್ಲಿ ತಲೆ ನರೆತಿರುತ್ತದೆ ಎನ್ನುವುದು ನಮಗೆಲ್ಲ ಗೊತ್ತಿರುವ ಮಾತು. ಆದರೆ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ 23, 24, 25 ವರ್ಷದ ಜನರಲ್‌ಗಳು ಸಾಲುಸಾಲಾಗಿ ಎದುರಾಗುತ್ತಾರೆ. ಇವರು ನಿಜವಾದ ಜನರಲ್‌ಗಳೇ, ಇಲ್ಲ ಹೆಸರಿಗಷ್ಟೇ ಜನರಲ್‌ಗಳೇ? ಧೈರ್ಯಕ್ಕೆ ಸಿಕ್ಕ ಬಡ್ತಿಯೋ, ವಶೀಲಿಯೋ? ಯುದ್ಧ ಮುಗಿದ ಮೇಲೆ ಇಂಥವರ ಕಥೆ ಏನಾಯಿತು? ಯಾರಾದರೂ ಒಬ್ಬರನ್ನು ಹಿಡಿದು ವಿವರವಾಗಿ ತಿಳಿಸುವಿರಾ?

ಉತ್ತರ: ನಿಜವಾದ ಜನರಲ್‌ಗಳೇ. ಸಾವಿರಾರು ಜನರನ್ನು ಗುಂಡಿನ ಎದುರಿಗೆ ನಡೆಸಿದವರು, ಹಲವರು ಅಲ್ಲೇ ಬಿದ್ದವರು. ಆದರೆ ಆ ಕಾಲದ ಅಮೆರಿಕದಲ್ಲಿ ‘ಜನರಲ್’ ಎನ್ನುವುದು ಒಂದೇ ಏಣಿಯ ತುದಿ ಆಗಿರಲಿಲ್ಲ. ಅದನ್ನು ಮೊದಲು ಬಿಡಿಸಿಕೊಂಡರೆ ಉಳಿದದ್ದು ಸುಲಭ.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ, ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಗುವ ಹೊತ್ತಿಗೆ ಅಮೆರಿಕದ ಖಾಯಂ ಸೇನೆಯಲ್ಲಿದ್ದದ್ದು ಸುಮಾರು 16,000 ಜನ. ಅಷ್ಟು ದೊಡ್ಡ ದೇಶಕ್ಕೆ ಅಷ್ಟೇ, ಅದರಲ್ಲೂ ಹೆಚ್ಚಿನವರು ಪಶ್ಚಿಮದ ಸಣ್ಣ ಸಣ್ಣ ಕೋಟೆಗಳಲ್ಲಿ ಚದುರಿಹೋಗಿದ್ದರು. 1861ರ ಏಪ್ರಿಲ್ 15ರಂದು ಅಧ್ಯಕ್ಷ ಲಿಂಕನ್ ಮೊದಲ ಕಂತಿನಲ್ಲೇ 75,000 ಸ್ವಯಂಸೇವಕರನ್ನು ಕರೆದರು. ಆಮೇಲೆ ಕರೆಯ ಮೇಲೆ ಕರೆ ಬಂತು; ಯುದ್ಧ ಮುಗಿಯುವಾಗ ಉತ್ತರದ ಸೇನೆ ಹತ್ತು ಲಕ್ಷದ ಆಸುಪಾಸಿಗೆ ಬೆಳೆದಿತ್ತು. ಈ ಜನರನ್ನು ಸೇರಿಸಿದವರು ರಾಜ್ಯಗಳ ಗವರ್ನರ್‌ಗಳು. ಸುಮಾರು ಸಾವಿರ ಜನರಿಗೆ ಒಂದು ರೆಜಿಮೆಂಟು, ಅದಕ್ಕೊಬ್ಬ ಕರ್ನಲ್, ಕರ್ನಲ್‌ನನ್ನು ನೇಮಿಸುವವರೂ ಗವರ್ನರ್. (ಕೆಲವು ರೆಜಿಮೆಂಟು ಸೇರಿ ಬ್ರಿಗೇಡು, ಬ್ರಿಗೇಡುಗಳು ಸೇರಿ ಡಿವಿಷನ್, ಡಿವಿಷನ್‌ಗಳು ಸೇರಿ ಕೋರ್.) ಹೀಗಾಗಿ ಊರಿನ ವಕೀಲ, ಪತ್ರಿಕೆಯ ಸಂಪಾದಕ, ಚುನಾವಣೆಯಲ್ಲಿ ಓಡಾಡಿದ ಕಾರ್ಯಕರ್ತ, ಎಲ್ಲರೂ ರಾತ್ರೋರಾತ್ರಿ ಕರ್ನಲ್‌ಗಳಾದರು. ಇತ್ತ ಖಾಯಂ ಸೇನೆಯ ದಕ್ಷಿಣದ ಅಧಿಕಾರಿಗಳು ರಾಜೀನಾಮೆ ಕೊಟ್ಟು ಎದುರು ಪಾಳೆಯಕ್ಕೆ ಹೋದರು. ಕವಾಯತು ಕಲಿಸಬಲ್ಲ, ನಕ್ಷೆ ಓದಬಲ್ಲ, ತೋಪು ಹೂಡಬಲ್ಲ ಮನುಷ್ಯನಿಗೆ ಹಠಾತ್ತನೆ ಬೆಲೆ ಬಂತು. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಿಂದ ಆಗತಾನೆ ಹೊರಬಿದ್ದ ಹುಡುಗನೂ ಆ ಬೆಲೆಗೆ ಪಾಲುದಾರನಾದ.

ಇನ್ನು ಏಣಿಗಳ ವಿಚಾರ. ಒಂದೇ ಕಾಲಕ್ಕೆ ಒಬ್ಬ ಅಧಿಕಾರಿ ಮೂರು ಏಣಿಗಳ ಮೇಲೆ ನಿಂತಿರಬಹುದಿತ್ತು. ಒಂದು ಖಾಯಂ ಸೇನೆಯದು. ಅದರಲ್ಲಿ ಬಡ್ತಿ ಆಮೆಯ ನಡಿಗೆ. ಎರಡನೆಯದು ಸ್ವಯಂಸೇವಕ ಸೇನೆಯದು. ಅಧಿಕಾರವೂ ಜವಾಬ್ದಾರಿಯೂ ನಿಜ, ಆದರೆ ಯುದ್ಧ ಮುಗಿದು ಆ ಸೇನೆ ವಿಸರ್ಜನೆಯಾದ ದಿನ ಹುದ್ದೆಯೂ ಮುಗಿಯಿತು. ಮೂರನೆಯದು ‘ಬ್ರೆವೆಟ್’. ಇದು ಹೆಚ್ಚಿನ ಮಟ್ಟಿಗೆ ಗೌರವ ಪದವಿ. ಶೌರ್ಯ ಪದಕಗಳು ಇನ್ನೂ ರೂಢಿಗೆ ಬರದಿದ್ದ ಕಾಲದಲ್ಲಿ ಕೊಡುತ್ತಿದ್ದ ಮರ್ಯಾದೆ ಎಂದುಕೊಳ್ಳಿ. ಯುದ್ಧದ ಕೊನೆಯಲ್ಲಂತೂ ಅದನ್ನು ಧಾರಾಳವಾಗಿ ಹಂಚಿದರು. ಆದ್ದರಿಂದ ‘ಇಪ್ಪತ್ತೈದಕ್ಕೇ ಮೇಜರ್ ಜನರಲ್’ ಎಂದು ಎಲ್ಲಾದರೂ ಓದಿದರೆ ಮೊದಲು ಕೇಳಬೇಕಾದದ್ದು, ಯಾವ ಏಣಿಯ ಮೇಲೆ ಎಂದು.

ತೀರಾ ಎಳೆಯರ ಪೈಕಿ ಪೆನ್ಸಿಲ್ವೇನಿಯದ ಗಲೂಶಾ ಪೆನಿಪ್ಯಾಕರ್ ಮತ ಹಾಕುವ ವಯಸ್ಸಾಗುವ ಮೊದಲೇ ಬ್ರಿಗೇಡಿಯರ್ ಆದ ಎನ್ನುತ್ತಾರೆ. ಎಲ್ಲರ ಬಾಯಲ್ಲಿರುವ ಹೆಸರು ಜಾರ್ಜ್ ಕಸ್ಟರ್. 1863ರ ಜೂನ್ ಕೊನೆಯಲ್ಲಿ, 23ನೇ ವಯಸ್ಸಿಗೆ ಬ್ರಿಗೇಡಿಯರ್. ಅವನ ಜತೆಗೇ ಬಡ್ತಿ ಪಡೆದ ಎಲಾನ್ ಫಾರ್ನ್ಸ್‌ವರ್ತ್ ವಾರ ತುಂಬುವ ಮೊದಲೇ, ಜುಲೈ 3ರಂದು, ಗೆಟಿಸ್‌ಬರ್ಗ್‌ನಲ್ಲಿ ಸತ್ತ. ಕಸ್ಟರ್‌ನ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ. ಉದ್ದ ಕೂದಲು, ವೆಲ್ವೆಟ್ ಅಂಗಿ, ಕುದುರೆ ಸವಾರಿ, ಇವುಗಳ ಮೇಲೆ ಬಿದ್ದಷ್ಟು ಬೆಳಕು ಬೇರೆಯವರ ಮೇಲೆ ಬಿದ್ದಿಲ್ಲ. ನಿಮ್ಮ ಪ್ರಶ್ನೆಗೆ ತಕ್ಕ ಮನುಷ್ಯ ಎಮರಿ ಅಪ್ಟನ್. ಧೈರ್ಯ, ಶಿಫಾರಸು, ಲೆಕ್ಕಾಚಾರ ಮೂರೂ ಅವನ ಬದುಕಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಅಪ್ಟನ್ ಹುಟ್ಟಿದ್ದು 1839ರ ಆಗಸ್ಟ್ 27ರಂದು, ನ್ಯೂಯಾರ್ಕ್ ರಾಜ್ಯದ ಬಟೇವಿಯ ಊರಿನ ಹತ್ತಿರದ ಒಂದು ಕೃಷಿಕರ ಮನೆಯಲ್ಲಿ. ಮಕ್ಕಳೊಂದಿಗರ ಮನೆ, ದೈವಭಕ್ತರ ಮನೆ, ಗುಲಾಮಗಿರಿಯನ್ನು ಪಾಪ ಎಂದು ನಂಬಿದ ಮನೆ. ಸ್ವಲ್ಪ ಕಾಲ ಓದಿದ್ದು ಒಹಾಯೋದ ಓಬರ್ಲಿನ್ ಕಾಲೇಜಿನಲ್ಲಿ. ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದ್ದ ಕಾಲೇಜು ಅದು. ಆ ಕಾಲಕ್ಕೆ ಅಪರೂಪ. 1856ರಲ್ಲಿ ವೆಸ್ಟ್ ಪಾಯಿಂಟ್ ಸೇರಿದ. ತಾನು ಗುಲಾಮಗಿರಿಯ ವಿರೋಧಿ ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ದಕ್ಷಿಣ ಕೆರೊಲಿನಾದ ವೇಡ್ ಹ್ಯಾಂಪ್ಟನ್ ಗಿಬ್ಸ್ ಎಂಬ ಸಹಪಾಠಿ ಓಬರ್ಲಿನ್ ದಿನಗಳನ್ನು ಎತ್ತಿ ಹೊಲಸು ಮಾತಾಡಿದಾಗ ಅಪ್ಟನ್ ಸವಾಲು ಹಾಕಿದ. ಬ್ಯಾರಕ್ಕಿನ ಕೋಣೆಯೊಳಗೆ ಇಬ್ಬರೂ ಹೊಡೆದಾಡಿಕೊಂಡರು, ಅಪ್ಟನ್‌ನ ಮುಖಕ್ಕೆ ಗಾಯವಾಯಿತು. ದೇಶ ಒಡೆಯುವ ಮುಂಚೆಯೇ ಆ ಅಕಾಡೆಮಿ ಒಳಗೊಳಗೇ ಒಡೆದಿತ್ತು.

1861ರ ಮೇ ತಿಂಗಳಲ್ಲಿ 45 ಜನರ ತರಗತಿಯಲ್ಲಿ ಎಂಟನೆಯವನಾಗಿ ತೇರ್ಗಡೆಯಾದ. ಜುಲೈನಲ್ಲಿ ಬುಲ್ ರನ್ ಹೊಳೆಯ ಬಳಿ ಮೊದಲ ಕದನ, ಮೊದಲ ಗಾಯ. ಮುಂದಿನ ವರ್ಷವಿಡೀ ಫಿರಂಗಿದಳ. ಕೆಲವು ತೋಪುಗಳ ತಂಡವಾದ ಬ್ಯಾಟರಿಯೊಂದನ್ನು ನಡೆಸಿದ, ಆಂಟೀಟಂ ಕದನದ ಹೊತ್ತಿಗೆ ಒಂದು ಡಿವಿಷನ್ನಿನ ತೋಪುಗಳೆಲ್ಲ ಅವನ ಕೈಯಲ್ಲಿದ್ದವು. ಒಳ್ಳೆಯ ಕೆಲಸ, ಆದರೆ ಆ ದಾರಿಯಲ್ಲಿ ಜನರಲ್ ಆಗುವುದು ದೂರದ ಮಾತು. ಆ ಯುದ್ಧದಲ್ಲಿ ತೋಪಿನವರಿಗೆ ಮೆಚ್ಚುಗೆ ಸಿಗುತ್ತಿತ್ತೇ ವಿನಾ ಬಡ್ತಿ ಸಿಗುತ್ತಿರಲಿಲ್ಲ. ಬಡ್ತಿ ಬೇಕೆಂದರೆ ಸ್ವಯಂಸೇವಕರ ಕಾಲ್ದಳಕ್ಕೆ ಜಿಗಿಯಬೇಕು.

ಜಿಗಿದ. 1862ರ ಅಕ್ಟೋಬರ್‌ನಲ್ಲಿ 121ನೇ ನ್ಯೂಯಾರ್ಕ್ ರೆಜಿಮೆಂಟಿಗೆ ಕರ್ನಲ್. ಆಗ ವಯಸ್ಸು 23. ಹರ್ಕಿಮರ್ ಮತ್ತು ಆಟ್ಸೀಗೊ ಕೌಂಟಿಗಳ ಕೃಷಿಕರ ಮಕ್ಕಳು ತುಂಬಿದ ರೆಜಿಮೆಂಟು ಅದು. ತರಬೇತಿ ಮುಗಿಯುವ ಮೊದಲೇ ರಣರಂಗಕ್ಕೆ ತಂದು ಬಿಟ್ಟಿದ್ದರು; ಕಾಯಿಲೆ ಹರಡಿತ್ತು, ಕೆಲವು ಅಧಿಕಾರಿಗಳಿಗೆ ಕವಾಯತಿನ ಆಜ್ಞೆಗಳೂ ಸರಿಯಾಗಿ ಬರುತ್ತಿರಲಿಲ್ಲ. ಅಪ್ಟನ್ ಬಂದವನೇ ಪಾಳೆಯ ಚೊಕ್ಕ ಮಾಡಿಸಿದ, ದಿನವಿಡೀ ಕವಾಯತು ಹಿಡಿಸಿದ, ಅಧಿಕಾರಿಗಳನ್ನು ಕೂರಿಸಿ ಪರೀಕ್ಷೆ ತೆಗೆದುಕೊಂಡ. ಬಾರದವರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಕೆಲವೇ ತಿಂಗಳಲ್ಲಿ ಅಕ್ಕಪಕ್ಕದವರು ಈ ರೆಜಿಮೆಂಟನ್ನು ‘ಅಪ್ಟನ್ಸ್ ರೆಗ್ಯುಲರ್ಸ್’ ಎಂದು ಕರೆಯತೊಡಗಿದರು. ಸ್ವಯಂಸೇವಕರಾದರೂ ಖಾಯಂ ಸಿಪಾಯಿಗಳ ಹಾಗೆ ಎನ್ನುವ ಅರ್ಥದಲ್ಲಿ.

ಆದರೂ 1863ರ ಮೇ 3ರಂದು ಸೇಲಂ ಚರ್ಚ್ ಬಳಿ ಈ ರೆಜಿಮೆಂಟು ನುಚ್ಚುನೂರಾಯಿತು. ಕಾಡಿನೊಳಗೆ ಅಡಗಿದ್ದ ಶತ್ರುವಿನ ಮೇಲೆ ನೇರ ಸಾಲು ಕಟ್ಟಿ ನುಗ್ಗಿಸಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಅಪ್ಟನ್‌ನ ಮುಂದಿನ ಬದುಕನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಅವನು ಜನರಲ್ ಆಗಲು ಶುರು ಮಾಡಿದ್ದು ಈ ಸೋಲಿನಿಂದ. ಶಿಸ್ತು ಇದ್ದರೆ ಸಾಲದು, ಗುಂಡು ಹಾರುವ ಬಯಲನ್ನು ದಾಟುವುದಕ್ಕೆ ಬೇರೆಯದೇ ಉಪಾಯ ಬೇಕು ಎಂಬ ಯೋಚನೆ ಆಮೇಲಿನ ಅವನ ಪ್ರತಿ ದಾಳಿಯಲ್ಲೂ ಕಾಣುತ್ತದೆ. ಗೆಟಿಸ್‌ಬರ್ಗ್ ಹೊತ್ತಿಗೆ ಬ್ರಿಗೇಡು ಅವನ ಕೈಗೆ ಬಂತು. ಹುದ್ದೆ ಮಾತ್ರ ಕರ್ನಲ್‌ನದೇ. ಅದೇ ನವೆಂಬರ್ 7ರ ಮುಸ್ಸಂಜೆ ರಪಹಾನಕ್ ಸ್ಟೇಷನ್‌ನಲ್ಲಿ ಗುಂಡು ಹಾರಿಸದೆ, ಕತ್ತಲಲ್ಲಿ, ಬರೀ ಬಯೊನೆಟ್ ಹಿಡಿದು ಕೋಟೆಯ ಮೇಲೆ ಬಿದ್ದ. ಆ ಸಂಜೆ ಸೆರೆಸಿಕ್ಕ ದಕ್ಷಿಣದವರು ಸುಮಾರು 1,600.

ಈಗ ನಿಮ್ಮ ‘ವಶೀಲಿ’ಗೆ ಬರುತ್ತೇನೆ. ಇಷ್ಟಾದರೂ ಅಪ್ಟನ್‌ಗೆ ಬಡ್ತಿ ಸಿಗಲಿಲ್ಲ. ಮೇಲಧಿಕಾರಿಗಳು ಶಿಫಾರಸು ಬರೆದರು, ಕಡತ ವಾಷಿಂಗ್ಟನ್‌ನಲ್ಲಿ ಕುಳಿತಿತು. ಸೆನೆಟ್ ಒಪ್ಪಬೇಕು, ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಜನರಲ್‌ಗಳು ಎಂಬ ಒಳಲೆಕ್ಕ ಬೇರೆ, ಸಂಸತ್ತಿನವರ ಕೃಪೆ ಇಲ್ಲದವನಿಗೆ ಸರದಿ ಬರುವುದಿಲ್ಲ. ಅಪ್ಟನ್ ಸನ್ಯಾಸಿಯಲ್ಲ, ಬಡ್ತಿಗಾಗಿ ಹಪಹಪಿಸಿದವನೇ. ರಾಜಕೀಯದ ಬೆಂಬಲ ಇಲ್ಲದೆ ಆಗುವುದಿಲ್ಲವಂತೆ ಎಂದು ಮನೆಗೆ ಬರೆದ ಪತ್ರಗಳಲ್ಲಿ ಗೊಣಗಿದ್ದಾನೆ. ಹೀಗಾಗಿ ವಶೀಲಿ ಇತ್ತೇ ಎಂದರೆ ಧಾರಾಳವಾಗಿ ಇತ್ತು. ಇವನಿಗೆ ಅದು ಒದಗಲಿಲ್ಲ ಅಷ್ಟೇ. ಒಬ್ಬ ಬ್ರಿಗೇಡಿಯರ್ ಮಾಡುವ ಕೆಲಸವನ್ನು ಹತ್ತು ತಿಂಗಳು ಕರ್ನಲ್ ಆಗಿಯೇ ಮಾಡಿದ.

ಬಾಗಿಲು ತೆರೆದದ್ದು 1864ರ ಮೇ 10, ವರ್ಜೀನಿಯದ ಸ್ಪಾಟ್ಸಿಲ್ವೇನಿಯದಲ್ಲಿ.

ಗ್ರಾಂಟ್ ಆಗ ಉತ್ತರದ ಎಲ್ಲ ಸೇನೆಗಳ ಮುಖ್ಯಸ್ಥ. ಎದುರಿಗೆ ದಕ್ಷಿಣದ ಸೇನಾಪತಿ ರಾಬರ್ಟ್ ಲೀ. ಲೀಯ ಸೇನೆ ಮಣ್ಣು ಅಗೆದು, ಮರದ ದಿಮ್ಮಿ ಪೇರಿಸಿ ಮೈಲುಗಟ್ಟಲೆ ಅಡ್ಡಗೋಡೆ ಕಟ್ಟಿಕೊಂಡಿತ್ತು. ಆ ಗೋಡೆ ಒಂದು ಕಡೆ ಲಾಳದ ಆಕಾರದಲ್ಲಿ ಮುಂದಕ್ಕೆ ಚಾಚಿತ್ತು. ಸಿಪಾಯಿಗಳು ಅದಕ್ಕೆ ‘ಮ್ಯೂಲ್ ಶೂ’ (ಹೇಸರಗತ್ತೆಯ ಲಾಳ) ಎಂದೇ ಹೆಸರಿಟ್ಟಿದ್ದರು. ಅಡ್ಡಗೋಡೆಯ ಹಿಂದಿರುವವನ ಮೇಲೆ ಸಾಲುಸಾಲಾಗಿ ನಡೆದು, ನಡುವೆ ನಿಂತು ಗುಂಡು ಹಾರಿಸಿ, ಮತ್ತೆ ನಡೆಯುವುದು ಆಗಿನ ಪದ್ಧತಿ. ನಡುವೆ ನಿಂತದ್ದೇ ಸಾವು. ನಿಮ್ಮ ಕಡೆ ಕೇಪಿನ ಕೋವಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರು ಗುಂಡು ಹೆಚ್ಚು. ಬಯಲಿನ ನಡುವೆ ಒಮ್ಮೆ ನಿಂತು ಕೋವಿ ತುಂಬತೊಡಗಿದರೆ ಮತ್ತೆ ಹೆಜ್ಜೆ ಮುಂದಕ್ಕೆ ಬರುವುದಿಲ್ಲ, ಜನ ಅಲ್ಲೇ ಕರಗುತ್ತಾರೆ.

ಲಾಳದ ಪಶ್ಚಿಮ ಮಗ್ಗುಲಲ್ಲಿ ಕಾಡಿನ ಅಂಚು ಗೋಡೆಗೆ ಸುಮಾರು 200 ಗಜದಷ್ಟು ಹತ್ತಿರ ಬರುವ ಜಾಗವೊಂದನ್ನು ರಾನಲ್ಡ್ ಮೆಕೆಂಜಿ ಎಂಬ ಇಂಜಿನಿಯರ್ ಅಧಿಕಾರಿ ಹುಡುಕಿ ಕೊಟ್ಟ. (ಇವನೂ ಅಪ್ಟನ್‌ಗಿಂತ ಕಿರಿಯ, ವರ್ಷ ತುಂಬುವ ಮೊದಲೇ ಇವನೂ ಜನರಲ್ ಆದ. ಆ ಮೇ ತಿಂಗಳಲ್ಲಿ ಇಂಥವರು ಕೈಗೊಬ್ಬರು ಸಿಗುತ್ತಿದ್ದರು.) ಅಪ್ಟನ್‌ಗೆ ಆಯ್ದ 12 ರೆಜಿಮೆಂಟು ಕೊಟ್ಟರು, ಸುಮಾರು 5,000 ಜನ. ಅವನು ಅವರನ್ನು ಅಗಲಕ್ಕೆ ಹರಡಲಿಲ್ಲ. ಮೂರು ರೆಜಿಮೆಂಟಿನ ಒಂದು ಸಾಲಿನಂತೆ ನಾಲ್ಕು ಸಾಲು ಮಾಡಿ, ಒಂದರ ಹಿಂದೊಂದು ನಿಲ್ಲಿಸಿ ಬೆಣೆ ಹೊಡೆಯಲು ಹೊರಟ.

ಕೇಪಿನ ವಿಚಾರದಲ್ಲಿ ಅವನು ಮಾಡಿದ ಏರ್ಪಾಡು ನೋಡಿ. ಎಲ್ಲರ ಕೋವಿಯೂ ತುಂಬಿರಬೇಕು, ಎಲ್ಲದಕ್ಕೂ ಬಯೊನೆಟ್ ಸಿಕ್ಕಿಸಿರಬೇಕು. ಆದರೆ ಕೇಪು ಕೂರಿಸುವುದು ಮೊದಲ ಸಾಲಿನವರು ಮಾತ್ರ. ಹಿಂದಿನ ಮೂರು ಸಾಲಿನವರ ಕೋವಿಯಲ್ಲಿ ಮದ್ದು ಗುಂಡು ಇದ್ದರೂ ಕೇಪು ಇಲ್ಲ, ಟ್ರಿಗರ್ ಎಳೆದರೂ ಹಾರುವುದಿಲ್ಲ. ಅಂದರೆ ಓಡುತ್ತಿರುವವನಿಗೆ ನಿಂತು ಗುಂಡು ಹೊಡೆಯುವ ಆಸೆಯೇ ಹುಟ್ಟಬಾರದು, ಎಡವಿ ಮುಂದಿನವನ ಬೆನ್ನಿಗೆ ಹಾರಿಸುವ ಭಯವೂ ಇರಬಾರದು. ಕೂಗಬಾರದು. ಬಿದ್ದವನನ್ನು ಎತ್ತಲು ನಿಲ್ಲಬಾರದು, ಅವನು ಅಣ್ಣನಾದರೂ ಸರಿಯೇ. ಅಧಿಕಾರಿಗಳು ‘ಮುಂದಕ್ಕೆ’ ಎಂಬ ಒಂದೇ ಆಜ್ಞೆಯನ್ನು ಬಿಡದೆ ಹೇಳುತ್ತಿರಬೇಕು. ಗೋಡೆ ದಾಟಿದ ಮೇಲೆ ಮೊದಲ ಸಾಲು ಎಡಕ್ಕೂ ಬಲಕ್ಕೂ ಕವಲೊಡೆದು ಬಿರುಕನ್ನು ಅಗಲ ಮಾಡಬೇಕು, ಎರಡನೆಯದು ಗೋಡೆಯ ಬಳಿ ನಿಂತು ನೇರಕ್ಕೆ ಗುಂಡು ಹಾರಿಸಬೇಕು, ಮೂರನೆಯದು ಅದರ ಹಿಂದೆ ಮಲಗಿ ಕಾಯಬೇಕು, ವರ್ಮಾಂಟ್‌ನವರ ನಾಲ್ಕನೆಯದು ಕಾಡಿನ ಅಂಚಿನಲ್ಲೇ ಇರಬೇಕು.

ಇದಕ್ಕಿಂತ ನನಗೆ ಮೆಚ್ಚುಗೆಯಾಗುವುದು ಇನ್ನೊಂದು. 12 ರೆಜಿಮೆಂಟುಗಳ ಮುಖ್ಯಸ್ಥರನ್ನೂ ಮೊದಲೇ ಕರೆದುಕೊಂಡು ಹೋಗಿ, ಕಾಡಿನ ಅಂಚಿನಿಂದ ಆ ಬಯಲನ್ನೂ ಗೋಡೆಯನ್ನೂ ಕಣ್ಣಾರೆ ತೋರಿಸಿ, ಯಾರ ಪಾಲಿನ ಕೆಲಸ ಯಾವುದು ಎಂದು ವಿವರಿಸಿದ. ಈಗ ಇದು ಯಾವ ಸೇನೆಯಲ್ಲೂ ಸಾಮಾನ್ಯ ಸಂಗತಿ. ಆಗ ಎಷ್ಟೋ ದಾಳಿಗಳಲ್ಲಿ ಕರ್ನಲ್‌ಗೆ ಎದುರಿಗೆ ಏನಿದೆ ಎನ್ನುವುದು ಗುಂಡು ಬಿದ್ದ ಮೇಲೆಯೇ ಗೊತ್ತಾಗುತ್ತಿತ್ತು.

ಸಂಜೆ 5ಕ್ಕೆ ಎಂದಿದ್ದ ದಾಳಿ ತಡವಾಗಿ 6 ದಾಟಿತು. ಜಾರ್ಜಿಯದವರ ಬ್ರಿಗೇಡು ಕಾವಲಿದ್ದ ಗೋಡೆ ಅಂದುಕೊಂಡ ಹಾಗೆಯೇ ಒಡೆಯಿತು. ಗೋಡೆಯ ಮೇಲೆ ಮೊದಲು ಹತ್ತಿದವರು ಸತ್ತರು, ಹಿಂದಿನವರು ಹರಿದು ಬಂದರು, ಸುಮಾರು ಸಾವಿರ ಜನ ಸೆರೆಸಿಕ್ಕರು. ಆದರೆ ಎಡಗಡೆಯಿಂದ ನೆರವಿಗೆ ಬರಬೇಕಿದ್ದ ಮಾಟ್‌ನ ಡಿವಿಷನ್ನಿಗೆ ಹೊತ್ತು ಬದಲಾದ ಸುದ್ದಿ ತಲುಪಿರಲಿಲ್ಲ. ಅವರು 5ಕ್ಕೇ ಹೊರಟು, ತೋಪಿನ ಬಾಯಿಗೆ ಸಿಕ್ಕಿ, ಹಿಂದಕ್ಕೆ ಓಡಿ ಆಗಿತ್ತು. ಅಪ್ಟನ್ ಒಳಗೆ ನುಗ್ಗಿ ನಿಂತ, ಹಿಂದೆ ಯಾರೂ ಇಲ್ಲ. ಕತ್ತಲಾದ ಮೇಲೆ ಹಿಂತೆಗೆಯಬೇಕಾಯಿತು. ತನ್ನ ಕಡೆಯ ನಷ್ಟವೂ ಸುಮಾರು ಸಾವಿರ.

ಲೆಕ್ಕದಲ್ಲಿ ನೋಡಿದರೆ ಗೆಲುವಲ್ಲ. ಆದರೆ ಅಭೇದ್ಯ ಎಂದು ಎಲ್ಲರೂ ಕೈಚೆಲ್ಲಿದ್ದ ಗೋಡೆಯನ್ನು ಒಡೆಯಬಹುದು ಎಂದು ತೋರಿಸಿಕೊಟ್ಟ. ವಿಶೇಷ ಶೌರ್ಯಕ್ಕೆ ರಣರಂಗದಲ್ಲೇ ಬಡ್ತಿ ಕೊಡುವ ಅಧಿಕಾರವನ್ನು ಗ್ರಾಂಟ್ ವಾಷಿಂಗ್ಟನ್‌ನಿಂದ ಮೊದಲೇ ಪಡೆದುಕೊಂಡು ಬಂದಿದ್ದರು. ಅದನ್ನು ಬಳಸಿ ಅಪ್ಟನ್‌ನನ್ನು ಅಲ್ಲೇ ಬ್ರಿಗೇಡಿಯರ್ ಜನರಲ್ ಮಾಡಿದರು, ಲಿಂಕನ್ ಒಪ್ಪಿದರು. ಹತ್ತು ತಿಂಗಳು ಕಡತ ಮಾಡದ ಕೆಲಸ ಎರಡು ದಿನದಲ್ಲಿ ಆಯಿತು. ವಯಸ್ಸು 24.

ಅದೇ ಉಪಾಯವನ್ನು ಗ್ರಾಂಟ್ ಮೇ 12ರ ಬೆಳಗಿನ ಜಾವ ಹ್ಯಾಂಕಾಕ್‌ನ ಇಡೀ ಕೋರ್ ಹಿಡಿದು, ಸುಮಾರು 20,000 ಜನರೊಂದಿಗೆ ಮಾಡಿಸಿದರು. ಗೋಡೆ ಒಡೆಯಿತು. ಆದರೆ ಅಪ್ಟನ್ ಸಾಲುಸಾಲಿಗೆ ಹಂಚಿಕೊಟ್ಟಿದ್ದ ‘ಒಳಗೆ ಹೋದ ಮೇಲೆ ಏನು’ ಎಂಬ ಭಾಗ ಅಲ್ಲಿ ಇರಲಿಲ್ಲ. ಸಾವಿರಾರು ಜನ ಒಂದೇ ಜಾಗಕ್ಕೆ ನುಗ್ಗಿ ಕಲಸಿಹೋದರು. ಆಮೇಲೆ ಮಳೆಯಲ್ಲಿ, ಕೆಸರಿನಲ್ಲಿ, ಗೋಡೆಯ ಈಚೆ ಒಬ್ಬರು ಆಚೆ ಒಬ್ಬರು ನಿಂತು ಸುಮಾರು 20 ಗಂಟೆ ಕಾದಾಡಿದರು. ಅಪ್ಟನ್‌ನ ಬ್ರಿಗೇಡೂ ಆ ನರಕದಲ್ಲಿತ್ತು. ಗೋಡೆಯ ಹಿಂದಿದ್ದ, 22 ಅಂಗುಲ ದಪ್ಪದ ಓಕ್ ಮರವೊಂದು ಬರೀ ಕೋವಿಯ ಗುಂಡುಗಳಿಂದಲೇ ಕಡಿದು ಉರುಳಿತು. ಅದರ ಬುಡ ಈಗಲೂ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಜೂನ್ 1ರಂದು ಕೋಲ್ಡ್ ಹಾರ್ಬರ್. ಅವನ ಬ್ರಿಗೇಡಿಗೆ ಆಗತಾನೆ ಸೇರಿದ್ದ 2ನೇ ಕನೆಕ್ಟಿಕಟ್ ಹೆವಿ ಆರ್ಟಿಲರಿ ಎಂಬ ರೆಜಿಮೆಂಟು ಹೆಸರಿಗೆ ತೋಪಿನದು. ಅದುವರೆಗೆ ವಾಷಿಂಗ್ಟನ್ ಕೋಟೆಗಳಲ್ಲಿ ಹಾಯಾಗಿದ್ದವರ ಕೈಗೆ ಕೋವಿ ಕೊಟ್ಟು ಕಳಿಸಿದ್ದರು. ಮೊದಲ ಕದನದಲ್ಲೇ ಅವರ ಕರ್ನಲ್ ಕೆಲಾಗ್ ಸತ್ತ, ಮುನ್ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಗಾಯಗೊಂಡರು. ಉಳಿದವರನ್ನು ನೆಲಕ್ಕೆ ಮಲಗಿಸಿದ ಅಪ್ಟನ್, ತಾನು ಒಂದು ಮರದ ಮರೆಯಲ್ಲಿ ನಿಂತು, ಮಲಗಿದವರು ತುಂಬಿ ತುಂಬಿ ಕೊಟ್ಟ ಕೋವಿಗಳನ್ನು ಹಾರಿಸುತ್ತಲೇ ಇದ್ದ ಎಂದು ಆ ರೆಜಿಮೆಂಟಿನವರೇ ದಾಖಲಿಸಿದ್ದಾರೆ. ಬ್ರಿಗೇಡಿಯರ್ ಜನರಲ್ ಮಾಡುವ ಕೆಲಸವಲ್ಲ ಅದು, ನಿಜ. ಆದರೆ ಮೊದಲ ಸಲ ಗುಂಡಿನ ರುಚಿ ಕಂಡ ಸಾವಿರ ಹುಡುಗರು ಎದ್ದು ಓಡದಿರಲು ಆ ಹೊತ್ತಿನಲ್ಲಿ ಬೇರೇನು ಮಾಡಬಹುದಿತ್ತು, ನನಗೂ ಹೊಳೆಯುವುದಿಲ್ಲ.

ಕೆಲವು ದಿನದಲ್ಲಿ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಬರೆದ ಪತ್ರದಲ್ಲಿ ಸಿಟ್ಟೆಲ್ಲ ಹೊರಬಂತು. ನಮ್ಮ ಜನರನ್ನು ಮೂರ್ಖತನದಿಂದ ಬಲಿ ಕೊಟ್ಟಿದ್ದಾರೆ, ಕೆಲವು ಕೋರ್ ಕಮಾಂಡರ್‌ಗಳು ಕಾರ್ಪೊರಲ್ ಆಗಲೂ ಲಾಯಕ್ಕಿಲ್ಲ, ತಮ್ಮ ಸಾಲಿನುದ್ದಕ್ಕೆ ಕುದುರೆ ಏರಿ ಒಮ್ಮೆ ಹೋಗಿ ನೋಡುವಷ್ಟೂ ಮೈ ಬಗ್ಗಿಸುವುದಿಲ್ಲ ಎಂಬುದು ಅದರ ಸಾರ. ಬಡ್ತಿ ಸಿಕ್ಕು ಒಂದು ತಿಂಗಳೂ ಆಗಿರಲಿಲ್ಲ.

ಉಳಿದ ಯುದ್ಧವನ್ನು ಬೇಗ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 19ರಂದು ವಿಂಚೆಸ್ಟರ್‌ನಲ್ಲಿ ಡಿವಿಷನ್ ಕಮಾಂಡರ್ ರಸೆಲ್ ಸತ್ತಾಗ ಅಪ್ಟನ್ ಡಿವಿಷನ್ ವಹಿಸಿಕೊಂಡ. ತೊಡೆಗೆ ತೋಪಿನ ಚೂರು ಹೊಕ್ಕಿತು. ಅಲ್ಲಿನ ಸೇನೆಯ ಮುಖ್ಯಸ್ಥ ಶೆರಿಡನ್ ಹಿಂದಕ್ಕೆ ಹೋಗು ಎಂದರೂ ಹೋಗದೆ ಸ್ಟ್ರೆಚರ್ ಮೇಲೆ ಮಲಗಿಯೇ ನಡೆಸಿದ. ಮೇಜರ್ ಜನರಲ್ ಬ್ರೆವೆಟ್ ಬಂದದ್ದು ಅದಕ್ಕೆ. ಗಾಯ ಮಾಗಿದ ಮೇಲೆ ಜೇಮ್ಸ್ ವಿಲ್ಸನ್ ಎಂಬ ಇನ್ನೊಬ್ಬ ತರುಣ ಜನರಲ್ ಅವನನ್ನು ಅಶ್ವದಳಕ್ಕೆ ಕರೆಸಿಕೊಂಡ. 1865ರ ವಸಂತದಲ್ಲಿ ಅಲಬಾಮ, ಜಾರ್ಜಿಯಗಳಲ್ಲಿ ಓಡಾಟ, ಏಪ್ರಿಲ್ 2ಕ್ಕೆ ಸೆಲ್ಮ, 16ರ ರಾತ್ರಿ ಕೊಲಂಬಸ್. ಕೊಲಂಬಸ್ ಬೀಳುವಾಗ ಲೀ ಶರಣಾಗಿ ಒಂದು ವಾರವಾಗಿತ್ತು, ಲಿಂಕನ್ ಸತ್ತು ಒಂದು ದಿನ. ಆ ಮೂಲೆಗೆ ಸುದ್ದಿ ಮುಟ್ಟಿರಲಿಲ್ಲ. ಹೀಗೆ 25 ತುಂಬಿ 26ಕ್ಕೆ ಕಾಲಿಡುವ ಮೊದಲೇ ಫಿರಂಗಿದಳ, ಕಾಲ್ದಳ, ಅಶ್ವದಳ ಮೂರನ್ನೂ ಯುದ್ಧದಲ್ಲಿ ನಡೆಸಿದವನಾದ.

ಆಮೇಲೆ ಏಣಿ ಜಾರಿತು. 1865ರಲ್ಲಿ ಅಪ್ಟನ್ ಬ್ರೆವೆಟ್‌ನಲ್ಲಿ ಮೇಜರ್ ಜನರಲ್, ಸ್ವಯಂಸೇವಕ ಸೇನೆಯಲ್ಲಿ ಬ್ರಿಗೇಡಿಯರ್, ಖಾಯಂ ಸೇನೆಯಲ್ಲಿ ಬರೀ ಕ್ಯಾಪ್ಟನ್. ಸ್ವಯಂಸೇವಕ ಸೇನೆ ವಿಸರ್ಜನೆಯಾದಾಗ ನಡುವಿನದು ಹೋಯಿತು. 1866ರಲ್ಲಿ ಹೊಸದಾಗಿ ಕಟ್ಟಿದ 25ನೇ ಕಾಲ್ದಳಕ್ಕೆ ಲೆಫ್ಟಿನೆಂಟ್ ಕರ್ನಲ್ ಆದ. ಇದೂ ಅದೃಷ್ಟವೇ, ಅನೇಕರು ಅಷ್ಟೂ ಉಳಿಸಿಕೊಳ್ಳಲಿಲ್ಲ. ಕಸ್ಟರ್‌ಗೆ ಸಿಕ್ಕಿದ್ದೂ ಲೆಫ್ಟಿನೆಂಟ್ ಕರ್ನಲ್ ಹುದ್ದೆ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಸಾಯುವಾಗಲೂ ಅವನ ಖಾಯಂ ಹುದ್ದೆ ಅದೇ.

ತರುಣ ಜನರಲ್‌ಗಳಲ್ಲಿ ಹೆಚ್ಚಿನವರು ಆ ಜಾರಿಕೆಯನ್ನು ನುಂಗಿಕೊಂಡು ಪಶ್ಚಿಮದ ಮೂಲನಿವಾಸಿಗಳ ಮೇಲಿನ ಯುದ್ಧಕ್ಕೆ ಹೋದರು, ಇಲ್ಲವೇ ಸೇನೆ ಬಿಟ್ಟು ರೈಲ್ವೆ ಕಂಪನಿ, ರಾಜಕೀಯ ಹಿಡಿದರು. ಅಪ್ಟನ್ ಬರೆಯಲು ಕುಳಿತ. ಅವನ ಕವಾಯತು ಪದ್ಧತಿಯನ್ನು ಸೇನೆ 1867ರಲ್ಲಿ ಒಪ್ಪಿಕೊಂಡಿತು. ನಾಲ್ಕು ನಾಲ್ಕು ಜನರ ಗುಂಪೇ ಅದರ ಮೂಲ ಘಟಕ. ಹಿಂದಿನಿಂದ ತೋಟಾ ತುಂಬುವ ಹೊಸ ಕೋವಿ ಬರುತ್ತಿದ್ದುದರಿಂದ ಒಂಟಿ ಸಾಲಿನಲ್ಲೂ ಕಾದಾಡಲು ಅದರಲ್ಲಿ ಅವಕಾಶವಿತ್ತು. 1868ರಲ್ಲಿ ಎಮಿಲಿ ಮಾರ್ಟಿನ್ ಎಂಬಾಕೆಯನ್ನು ಮದುವೆಯಾದ. ಆಕೆ ಕಾಯಿಲೆಯಿಂದ 1870ರಲ್ಲಿ ತೀರಿಕೊಂಡಳು. ಮತ್ತೆ ಮದುವೆಯಾಗಲಿಲ್ಲ. ಅದೇ ವರ್ಷ ವೆಸ್ಟ್ ಪಾಯಿಂಟ್‌ನಲ್ಲಿ ಕೆಡೆಟ್‌ಗಳ ಕಮಾಂಡೆಂಟ್ ಆಗಿ ಐದು ವರ್ಷ ಇದ್ದ.

1875ರಲ್ಲಿ ಸೇನಾ ಮುಖ್ಯಸ್ಥ ಶರ್ಮನ್ ಅವನನ್ನು ಲೋಕದ ಸೇನೆಗಳನ್ನು ನೋಡಿ ಬರಲು ಕಳಿಸಿದರು. ಜಪಾನ್, ಚೀನಾ, ಭಾರತ, ಪರ್ಷಿಯ, ಆಮೇಲೆ ಯೂರೋಪ್. ನಮಗೆ ಕುತೂಹಲವಾಗುವ ಸಂಗತಿ, ಶರ್ಮನ್‌ಗೆ ವಿಶೇಷ ಆಸಕ್ತಿ ಇದ್ದದ್ದು ಬ್ರಿಟಿಷರ ಭಾರತದಲ್ಲಿ. ಕೆಲವೇ ಬಿಳಿಯರು ಇಷ್ಟು ದೊಡ್ಡ ದೇಶವನ್ನು ಅದೇ ದೇಶದ ಸಿಪಾಯಿಗಳಿಂದ ಹೇಗೆ ಹಿಡಿದಿಟ್ಟಿದ್ದಾರೆ ಎಂಬುದು ಪಶ್ಚಿಮದ ಗಡಿಯ ಚಿಂತೆಯಲ್ಲಿದ್ದ ಅಮೆರಿಕದ ಸೇನೆಗೆ ಪಾಠವಾಗಬಹುದು ಎಂಬ ಲೆಕ್ಕ. 1857ರ ದಂಗೆ ಮುಗಿದು ಇನ್ನೂ 20 ವರ್ಷವಾಗಿರಲಿಲ್ಲ. ಗುಲಾಮಗಿರಿಯ ವಿರುದ್ಧ ಮುಖಕ್ಕೆ ಗಾಯ ಮಾಡಿಕೊಂಡ ಹುಡುಗ ಇಲ್ಲಿಗೆ ಬಂದಾಗ ನೋಡಿದ್ದು ದಕ್ಷ ಸೇನಾ ವ್ಯವಸ್ಥೆಯನ್ನು. ಆಳಿಸಿಕೊಳ್ಳುವವರ ಪ್ರಶ್ನೆ ಅವನ ಕಣ್ಣಿಗೆ ಹೆಚ್ಚು ಬೀಳಲಿಲ್ಲ. ಆ ಕಾಲದ ಸೇನಾಧಿಕಾರಿಯಿಂದ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲವೇನೋ, ಆದರೂ ನನಗೆ ಅದು ಕಸಿವಿಸಿಯ ಸಂಗತಿ. 1878ರಲ್ಲಿ ಪ್ರಕಟವಾದ ಅವನ ವರದಿಯ ಪುಸ್ತಕದಲ್ಲಿ ಏಷ್ಯಾದ ಭಾಗ ಸಣ್ಣದು, ಪ್ರಷ್ಯದ ಜರ್ಮನ್ ಸೇನೆಯ ಬಗ್ಗೆ ಮೆಚ್ಚುಗೆ ದೊಡ್ಡದು. ಯುದ್ಧದ ಯೋಜನೆ ಮಾಡುವ ಅಧಿಕಾರಿಗಳ ಮಂಡಳಿ, ಅಂದರೆ ಜನರಲ್ ಸ್ಟಾಫ್ ಬೇಕು, ಬಡ್ತಿಗೆ ಪರೀಕ್ಷೆ ಬೇಕು, ಶಾಂತಿಕಾಲದಲ್ಲೇ ತರಬೇತಾದ ಅಧಿಕಾರಿಗಳ ಚೌಕಟ್ಟು ಸಿದ್ಧವಿದ್ದು ಯುದ್ಧ ಬಂದಾಗ ಅದನ್ನು ಜನರಿಂದ ತುಂಬಬೇಕು ಎಂದು ವಾದಿಸಿದ.

ಇಲ್ಲಿ ಒಂದು ತೊಡಕಿದೆ. ಅಪ್ಟನ್ ಉಳಿದ ಬದುಕಿನಲ್ಲಿ ಬೈದದ್ದು ಯಾವುದನ್ನು? ಸಿದ್ಧತೆಯಿಲ್ಲದೆ ಯುದ್ಧಕ್ಕಿಳಿದು, ಗವರ್ನರ್‌ಗಳ ಕೈಯಿಂದ ರೆಜಿಮೆಂಟು ಕಟ್ಟಿಸಿ, ಏನೂ ಬಾರದವರನ್ನು ಕರ್ನಲ್ ಮಾಡುವ ಪದ್ಧತಿಯನ್ನು. ಅವನನ್ನು 23ಕ್ಕೆ ಕರ್ನಲ್ ಮಾಡಿದ್ದೂ ಅದೇ ಪದ್ಧತಿ. ಅವನು ಬಯಸಿದಂಥ ಸೇನೆ 1861ರಲ್ಲಿ ಇದ್ದಿದ್ದರೆ 1864ರಲ್ಲಿ ಅಪ್ಟನ್ ಎಲ್ಲೋ ಒಂದು ಬ್ಯಾಟರಿಯ ಲೆಫ್ಟಿನೆಂಟ್ ಆಗಿರುತ್ತಿದ್ದ. ನಿಮ್ಮ ಮನೆಯವರು ತಲೆ ನರೆತ ಮೇಲೆ ಬ್ರಿಗೇಡಿಯರ್ ಆಗುವುದು ಅಪ್ಟನ್ ಕೇಳಿದ್ದಂಥ ವ್ಯವಸ್ಥೆಯಲ್ಲೇ: ಪರೀಕ್ಷೆ, ಕೋರ್ಸು, ಆಯ್ಕೆ ಮಂಡಳಿ, ಹಂತ ಹಂತದ ಸೇವೆ. ಇದನ್ನು ಅವನ ದೋಷ ಎನ್ನುತ್ತಿಲ್ಲ. ಸೇಲಂ ಚರ್ಚ್‌ನಲ್ಲಿ ತನ್ನ ಹುಡುಗರನ್ನು ಕಳೆದುಕೊಂಡವನಿಗೆ ತನ್ನ ಬಡ್ತಿಗಿಂತ ಆ ಲೆಕ್ಕ ದೊಡ್ಡದಾಗಿ ಕಂಡಿರಬೇಕು.

ಒಪ್ಪದಿರುವುದು ಬೇರೆ ವಿಚಾರ. ಕೊನೆಗೆ ಬರೆದ ಪುಸ್ತಕದಲ್ಲಿ, ಯುದ್ಧ ಉದ್ದವಾದದ್ದಕ್ಕೆ ಅವನು ಯುದ್ಧಮಂತ್ರಿ ಸ್ಟ್ಯಾಂಟನ್ ಮತ್ತು ರಾಜಕಾರಣಿಗಳ ಕೈವಾಡವನ್ನೇ ಮುಂದೆ ಮಾಡುತ್ತಾನೆ, ಮೆಕ್ಲೆಲನ್‌ನಂಥ ಜನರಲ್‌ಗಳ ಹಿಂಜರಿಕೆಯನ್ನು ಹಗುರವಾಗಿ ದಾಟುತ್ತಾನೆ. ಕೋಲ್ಡ್ ಹಾರ್ಬರ್‌ನಿಂದ ಪತ್ರ ಬರೆದ ಅಪ್ಟನ್‌ಗೆ ಇದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಜನರನ್ನು ಕೊಂದದ್ದು ಮಂತ್ರಿಯಲ್ಲ, ಕುದುರೆ ಏರದ ಜನರಲ್‌ಗಳು.

1880ರಲ್ಲಿ 4ನೇ ಫಿರಂಗಿದಳಕ್ಕೆ ಕರ್ನಲ್ ಆಗಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊಗೆ ಹೋದ. ಅಷ್ಟರಲ್ಲಿ ತಡೆಯಲಾರದ ತಲೆನೋವು. ಅದಕ್ಕೆ ಗಡ್ಡೆ ಕಾರಣವಿರಬಹುದು ಎಂದು ಆಮೇಲಿನವರು ಊಹಿಸಿದ್ದಾರೆ. ಅಮೆರಿಕದ ಸೇನಾ ನೀತಿಯ ಇತಿಹಾಸವನ್ನು ಬರೆಯುತ್ತಿದ್ದ, ಅದು 1862ರವರೆಗೆ ಬಂದು ನಿಂತಿತ್ತು. 1881ರ ಮಾರ್ಚ್‌ನಲ್ಲಿ ರಾಜೀನಾಮೆ ಪತ್ರ ಬರೆದಿಟ್ಟು, 15ರಂದು ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. 41 ವರ್ಷ.

ಆ ಹಸ್ತಪ್ರತಿ ಗೆಳೆಯರ ಮತ್ತು ಕಚೇರಿಯ ಕಪಾಟುಗಳಲ್ಲಿ ಎರಡು ದಶಕ ಉಳಿಯಿತು. ಸ್ಪೇನ್ ಜತೆಗಿನ 1898ರ ಯುದ್ಧದಲ್ಲಿ ಅದೇ ಗೊಂದಲ, ಅದೇ ಗವರ್ನರ್‌ಗಳು, ಅದೇ ಕಾಯಿಲೆಯ ಪಾಳೆಯಗಳು ಮತ್ತೆ ಕಂಡ ಮೇಲೆ ಎಲಿಹು ರೂಟ್ ಎಂಬ ಯುದ್ಧಮಂತ್ರಿ ಸುಧಾರಣೆಗೆ ಕೈಹಾಕಿದರು. 1903ರಲ್ಲಿ ಜನರಲ್ ಸ್ಟಾಫ್ ಕಾಯ್ದೆ ಬಂತು. 1904ರಲ್ಲಿ ಅಪ್ಟನ್‌ನ ಅಪೂರ್ಣ ಪುಸ್ತಕವನ್ನು ಸರ್ಕಾರವೇ ಅಚ್ಚು ಹಾಕಿಸಿತು. ವಕೀಲಿಕೆಯಿಂದ ಬಂದ, ಒಂದು ದಿನವೂ ಸಿಪಾಯಿಯಾಗಿರದ ರೂಟ್ ಅದರ ಸುಧಾರಣೆಗಳನ್ನು ತೆಗೆದುಕೊಂಡರು, ಯುದ್ಧಮಂತ್ರಿಗಳ ಮೇಲಿನ ಬೈಗುಳವನ್ನು ಬಿಟ್ಟರು.